ಚಂಡೆ, ಮದ್ದಳೆ, ಭಾಗವತಿಕೆ: ತೊಂಬತ್ತು ಸಾವಿರದೊಳಗೆ ಧ್ವನಿಮುದ್ರಣಕ್ಕೂ ಮಾಸ್ಟರಿಂಗ್‌ಗೂ ಏನು ಕೊಳ್ಳಬೇಕು?

ತೋಟದಂಚಿನವ, ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಹಳ್ಳಿಯಲ್ಲಿ ಹವ್ಯಾಸಿಗಳ ಒಂದು ಯಕ್ಷಗಾನ ಬಳಗವಿದೆ. ಪದ್ಯ ಹಾಡುವ ಭಾಗವತರೊಬ್ಬರು, ಮದ್ದಳೆಗೊಬ್ಬರು, ಚಂಡೆಗೊಬ್ಬರು, ಹಾರ್ಮೋನಿಯಂ ಶ್ರುತಿಗೆ ನಾನು. ಇದುವರೆಗೆ ಮೊಬೈಲಿನಲ್ಲಿ ಮುದ್ರಿಸಿಕೊಂಡದ್ದನ್ನು ಕೇಳಿದರೆ, ಚಂಡೆಗೆ ಮೊದಲ ಪೆಟ್ಟು ಬಿದ್ದ ಮೇಲೆ ಪದ್ಯದ ಒಂದಕ್ಷರವೂ ತಿಳಿಯುವುದಿಲ್ಲ. ಈ ವರ್ಷ ಎಲ್ಲರೂ ಕೈಯಿಂದ ಹಾಕಿ ತೊಂಬತ್ತು ಸಾವಿರ ರೂಪಾಯಿ ಕೂಡಿಸಿದ್ದೇವೆ. ಹತ್ತು ಹನ್ನೆರಡು ಪದ್ಯಗಳನ್ನು ಸರಿಯಾಗಿ ಮುದ್ರಿಸಿ ಯೂಟ್ಯೂಬಿಗೂ ಸ್ಪಾಟಿಫೈಗೂ ಹಾಕಬೇಕು, ಆಮೇಲೆ ಒಂದೆರಡು ತಾಳಮದ್ದಳೆಯನ್ನೂ (ವೇಷವಿಲ್ಲದೆ ಕುಳಿತು ನಡೆಸುವ ಮಾತಿನ ಯಕ್ಷಗಾನ) ಹಿಡಿದಿಡಬೇಕು ಎಂಬುದು ಆಸೆ.

ನನ್ನ ಬಳಿ 8 ಜಿಬಿ ರ‍್ಯಾಮ್‌ನ ಸಾಧಾರಣ ವಿಂಡೋಸ್ ಲ್ಯಾಪ್‌ಟಾಪ್ ಇದೆ. ಯಾವ ತಂತ್ರಾಂಶ, ಯಾವ ಇಂಟರ್‌ಫೇಸ್ (ಮೈಕ್‌ಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ), ಮುದ್ರಿಸಿದ್ದನ್ನು ಕೇಳಿ ತಿದ್ದಲು ಯಾವ ಮಾನಿಟರ್ ಸ್ಪೀಕರ್ ತೆಗೆದುಕೊಳ್ಳಬೇಕು ಎಂದು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ. ಅಂಗಡಿಯವರೊಬ್ಬರು, ಮಾಸ್ಟರಿಂಗ್ (ಮುದ್ರಿಸಿದ ಹಾಡಿಗೆ ಕೊನೆಯ ಹದ ಕೊಡುವ ಕೆಲಸ) ಮಾಡುವ ಪ್ಲಗಿನ್‌ಗಳ, ಅಂದರೆ ತಂತ್ರಾಂಶಕ್ಕೆ ಜೋಡಿಸುವ ಸಣ್ಣ ಸಲಕರಣೆಗಳ, ಒಂದು ಕಟ್ಟನ್ನು ನಲವತ್ತು ಸಾವಿರಕ್ಕೆ ಕೊಂಡುಬಿಟ್ಟರೆ ಉಳಿದದ್ದೆಲ್ಲ ತಾನಾಗಿಯೇ ಸರಿಹೋಗುತ್ತದೆ ಎಂದಿದ್ದಾರೆ. ಅದು ನಿಜವೇ?

ಐವತ್ತು ಹರ್ಟ್ಸ್, ಕುಮಟಾ

ನಿಜವಲ್ಲ.

ಕಾಳಿ ತೀರ, ಕಾರವಾರ

ತಂತ್ರಾಂಶದ ಮಟ್ಟಿಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ, ರೀಪರ್ ಹಾಕಿಕೊಳ್ಳಿ. ಅರವತ್ತು ದಿನ ಎಲ್ಲ ಸೌಲಭ್ಯಗಳೊಂದಿಗೆ ಉಚಿತವಾಗಿ ಬಳಸಿ ನೋಡಬಹುದು. ಆಮೇಲೆ ನಿಮ್ಮಂಥ ಹವ್ಯಾಸಿಗಳಿಗೆ ಅದರ ಪರವಾನಗಿ 60 ಡಾಲರ್ ಮಾತ್ರ. ಹಳೆಯ ಲ್ಯಾಪ್‌ಟಾಪಿನಲ್ಲೂ ಅದು ಏದುಸಿರು ಬಿಡದೆ ನಡೆಯುತ್ತದೆ. ನಾನು ಮದುವೆ ವೀಡಿಯೊಗಳ ಧ್ವನಿಯನ್ನೆಲ್ಲ ಅದರಲ್ಲೇ ಮಾಡುತ್ತೇನೆ.

ಹಳೇ ಕ್ಯಾಸೆಟ್, ಸಿದ್ದಾಪುರ

ಅರವತ್ತು ಡಾಲರ್ ಯಾಕೆ ಕೊಡಬೇಕು? ಅಡಾಸಿಟಿ ಪೂರ್ತಿ ಉಚಿತ. ಪ್ಲಗಿನ್‌ಗಳನ್ನು ಹಾಡು ನಡೆಯುತ್ತಿರುವಾಗಲೇ ತಿರುಗಿಸಿ ಕೇಳಲಾಗುವುದಿಲ್ಲ ಎಂಬ ಹಳೆಯ ದೂರು ಕೂಡ 2022ರ 3.2 ಆವೃತ್ತಿಯಿಂದ ಇಲ್ಲವಾಗಿದೆ. ನಾನು ಇನ್ನೂರಕ್ಕೂ ಹೆಚ್ಚು ತಾಳಮದ್ದಳೆ ಕ್ಯಾಸೆಟ್‌ಗಳನ್ನು ಅದರಲ್ಲೇ ಕಂಪ್ಯೂಟರಿಗೆ ಇಳಿಸಿದ್ದೇನೆ.

ಕಾಳಿ ತೀರ, ಕಾರವಾರ

ಕ್ಯಾಸೆಟ್ ಇಳಿಸುವುದಕ್ಕೆ ಅಡಾಸಿಟಿ ಸಾಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಾಲ್ಕಾರು ಮೈಕ್‌ಗಳನ್ನು ಒಟ್ಟಿಗೆ ಮುದ್ರಿಸಿ, ಪ್ರತಿ ಸಾಲಿಗೂ ಭಾಗವತರ ದನಿಯನ್ನು ಅರ್ಧ ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಏರಿಸುತ್ತ ಇಳಿಸುತ್ತ ಕೂರಬೇಕಾದಾಗ ನೀವೇ ರೀಪರ್ ಕಡೆಗೆ ಬರುತ್ತೀರಿ.

ಮದ್ದಳೆ ಮನೆ, ಹೊನ್ನಾವರ

ತಂತ್ರಾಂಶದ ಜಗಳ ಆಮೇಲಾಗಲಿ. ತೋಟದಂಚಿನವರೇ, ಮುದ್ರಣ ಎಲ್ಲಿ ಮಾಡುತ್ತೀರಿ, ಯಾವ ತಿಂಗಳಲ್ಲಿ ಮಾಡುತ್ತೀರಿ ಎಂಬುದನ್ನು ಮೊದಲು ಹೇಳಿ. ಮಳೆಗಾಲದಲ್ಲಿ ಮದ್ದಳೆಯ ಚರ್ಮ ತಂಡಿ ಹಿಡಿದು, ಒಂದು ಪದ್ಯ ಮುಗಿಯುವುದರೊಳಗೆ ಶ್ರುತಿ ಇಳಿದಿರುತ್ತದೆ. ಎರಡನೇ ಪದ್ಯವನ್ನು ಹಾಗೆಯೇ ನುಡಿಸಿ, ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡಿ ಎನ್ನುವವರನ್ನು ಕಂಡಿದ್ದೇನೆ. ಭಾಗವತರ ಶ್ರುತಿಗೆ ಕೂಡದ ಮದ್ದಳೆಯನ್ನು ಕೂಡಿಸುವ ಪ್ಲಗಿನ್ ನನಗಂತೂ ಈವರೆಗೆ ಸಿಕ್ಕಿಲ್ಲ.

ತೋಟದಂಚಿನವ, ಶಿರಸಿ

ತಮ್ಮನ ಕಂಪ್ಯೂಟರ್ ಕೋಣೆ ಖಾಲಿಯಿದೆ, ಅಲ್ಲೇ ಎಂದುಕೊಂಡಿದ್ದೆವು. ಆರ್‌ಸಿಸಿ ಮನೆ, ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಎತ್ತರವೂ ಹತ್ತು ಅಡಿ. ಆಗಸ್ಟಿನಲ್ಲಿ ತೋಟದ ಕೆಲಸ ಸ್ವಲ್ಪ ಕಡಿಮೆ ಇರುವುದರಿಂದ ಆಗ ಮಾಡೋಣ ಎಂಬ ಆಲೋಚನೆ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಸಾಕು ಎಂದು ಯಾರೋ ಹೇಳಿದರು.

ಊರು ಬಿಟ್ಟವಳು, ಅಂಕೋಲಾ (ಈಗ ಬೆಂಗಳೂರು)

ಮಾಸ್ಟರಿಂಗ್ ನನ್ನ ದಿನನಿತ್ಯದ ಕೆಲಸ, ಆದ್ದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಸರಿಸಬೇಡಿ.

ಮೊದಲು ಕೋಣೆ. ಎದುರುಬದುರು ಗೋಡೆಗಳ ನಡುವಿನ ಅಂತರಕ್ಕೆ ಸರಿಯಾಗಿ ಕೆಲವು ಕಂಪನಗಳು ಕೋಣೆಯಲ್ಲಿ ನಿಂತುಬಿಡುತ್ತವೆ. ಹತ್ತು ಅಡಿಯ ಅಂತರಕ್ಕೆ ಅದು ಸುಮಾರು 56 ಹರ್ಟ್ಸ್‌ನಲ್ಲಿ, ಹನ್ನೆರಡು ಅಡಿಗೆ ಸುಮಾರು 47 ಹರ್ಟ್ಸ್‌ನಲ್ಲಿ ಮೊದಲಾಗಿ ಅದರ ದುಪ್ಪಟ್ಟು, ಮುಪ್ಪಟ್ಟುಗಳಲ್ಲಿ ಮರುಕಳಿಸುತ್ತದೆ. ನಿಮ್ಮ ಕೋಣೆಯಲ್ಲಿ ಅಗಲವೂ ಎತ್ತರವೂ ಒಂದೇ ಆಗಿರುವುದರಿಂದ ಅವೆರಡೂ ಒಂದೇ ಕಂಪನವನ್ನು ಎತ್ತಿಹಿಡಿಯುತ್ತವೆ. ಮದ್ದಳೆಯ ಎಡಗೈ ಪೆಟ್ಟು ಕೋಣೆಯ ಒಂದು ಮೂಲೆಯಲ್ಲಿ ಗುಂಯ್‌ಗುಡುತ್ತದೆ, ಮಧ್ಯದಲ್ಲಿ ಕುಳಿತವರಿಗೆ ಮಾಯವಾಗುತ್ತದೆ. ಅಂಥ ಕೋಣೆಯಲ್ಲಿ ಕುಳಿತು ಎಷ್ಟೇ ಬೆಲೆಯ ಸ್ಪೀಕರಿನಲ್ಲಿ ಮಿಕ್ಸ್ ಮಾಡಿದರೂ (ಎಲ್ಲ ಮೈಕ್‌ಗಳ ಸದ್ದನ್ನು ಹದವಾಗಿ ಬೆರೆಸಿದರೂ), ಇಲ್ಲದ ಕೊರತೆಯನ್ನು ತುಂಬಲು ಹೋಗಿ ಮದ್ದಳೆಯನ್ನು ಊದಿಸಿರುತ್ತೀರಿ.

ಮೊಟ್ಟೆ ಟ್ರೇಯಿಂದ ಪ್ರಯೋಜನವಿಲ್ಲ. ಅದು ಮೇಲುಸ್ತರದ ಒಂದಿಷ್ಟು ಸದ್ದನ್ನು ಕದಡಬಹುದೇ ಹೊರತು ತಗ್ಗಿನ ಸದ್ದನ್ನು ಹೀರುವುದಿಲ್ಲ, ಮೇಲಾಗಿ ಬೆಂಕಿಗೆ ಆಹಾರ. ನಾಲ್ಕು ಇಂಚು ದಪ್ಪದ ರಾಕ್‌ವೂಲ್ (ಕಲ್ಲಿನ ನಾರು) ಹಲಗೆಗೆ ಬಟ್ಟೆ ಸುತ್ತಿ, ಗೋಡೆಯಿಂದ ನಾಲ್ಕು ಇಂಚು ಜಾಗ ಬಿಟ್ಟು ಮೂಲೆಗಳಲ್ಲಿ ನಿಲ್ಲಿಸಿ. ಊರಿನ ಬಡಗಿಯೊಬ್ಬರು ಎರಡು ದಿನದಲ್ಲಿ ಚೌಕಟ್ಟು ಹೊಡೆದುಕೊಡುತ್ತಾರೆ.

ಅರಬೈಲ್ ತಿರುವು, ಯಲ್ಲಾಪುರ

ರಾಕ್‌ವೂಲ್ ತರುವ ಮೊದಲು ಮೆತ್ತಿನ (ಅಟ್ಟದ) ಮೇಲೆ ಒಮ್ಮೆ ಹತ್ತಿ ನೋಡಿ. ಹಳೆಯ ಮನೆಯ ಮೆತ್ತಿನಲ್ಲಿ ಒಣಹುಲ್ಲು, ಅಡಿಕೆ ಚೀಲ, ಹಾಸಿಗೆ ಸುರುಳಿ ಎಲ್ಲ ತುಂಬಿ, ಚಪ್ಪಾಳೆ ಹೊಡೆದರೆ ಮರುದನಿಯೇ ಬರುವುದಿಲ್ಲ. ಹಂಚಿನ ಇಳಿಜಾರು ಮಾಡಾದ್ದರಿಂದ ಮಾಡೂ ನೆಲವೂ ಎದುರುಬದುರಾಗುವುದಿಲ್ಲ. ನಾವು ಕೆಲವು ಹಾಡುಗಳನ್ನು ಅಲ್ಲೇ ಮುದ್ರಿಸಿದೆವು, ದನಿ ಚೆನ್ನಾಗಿ ಬಂತು.

ಐವತ್ತು ಹರ್ಟ್ಸ್, ಕುಮಟಾ

ಆಗಸ್ಟಿನಲ್ಲಿ ಹಂಚಿನ ಮಾಡಿನ ಕೆಳಗೆ ಮುದ್ರಿಸಿದರೆ ಭಾಗವತರಿಗಿಂತ ಮಳೆಯೇ ಚೆನ್ನಾಗಿ ಬರುತ್ತದೆ ಮಾರಾಯರೇ.

ಅರಬೈಲ್ ತಿರುವು, ಯಲ್ಲಾಪುರ

ಅದಕ್ಕೇ ನಾವು ಜನವರಿಯಲ್ಲಿ ಮಾಡಿದ್ದು. ಆದರೂ ಕತ್ತಲಾದ ಮೇಲೆ ಜೀರುಂಡೆಗಳು ಬಿಡಲಿಲ್ಲ. ಬೆಳಿಗ್ಗೆ ಎಂಟರಿಂದ ಹತ್ತೂವರೆಯೊಳಗೆ ಮುಗಿಸಿದೆವು.

ಕಾಳಿ ತೀರ, ಕಾರವಾರ

ಜೀರುಂಡೆಗೆ, ಬೇಡದ ಸದ್ದು ಅಳಿಸುವ ತಂತ್ರಾಂಶ ಐಝೋಟೋಪ್ ಆರ್‌ಎಕ್ಸ್ ಇದೆಯಲ್ಲ.

ಊರು ಬಿಟ್ಟವಳು, ಅಂಕೋಲಾ (ಈಗ ಬೆಂಗಳೂರು)

ಇದೆ, ನಾನೂ ಬಳಸುತ್ತೇನೆ. ನಡುವೆ ಒಮ್ಮೆ ಬಾಗಿಲು ಕಿರುಗುಟ್ಟಿದ್ದನ್ನು, ಯಾರೋ ಕೆಮ್ಮಿದ್ದನ್ನು ಅದು ಚೆನ್ನಾಗಿ ತೆಗೆಯುತ್ತದೆ. ಆದರೆ ಜೀರುಂಡೆಯ ಸದ್ದೂ ತಾಳದ ಝಣತ್ಕಾರವೂ ಸುಮಾರಾಗಿ ಒಂದೇ ಎತ್ತರದಲ್ಲಿರುತ್ತವೆ, ಬಿಡದೆ ಹಾಡುವ ಜೀರುಂಡೆಯನ್ನು ಪೂರ್ತಿ ಅಳಿಸಲು ಹೋದರೆ ತಾಳ ತಗಡಿನ ಸದ್ದಾಗುತ್ತದೆ. ಬೆಳಗಿನ ಹೊತ್ತಿನಲ್ಲಿ ಮುದ್ರಿಸಿದವರ ಉಪಾಯವೇ ಸರಿ.

ತೋಟದಂಚಿನವ, ಶಿರಸಿ

ಆಗಸ್ಟ್ ಬಿಟ್ಟೆ. ಮೆತ್ತು ನಮ್ಮ ದೊಡ್ಡಪ್ಪನ ಮನೆಯಲ್ಲಿದೆ, ಕೇಳುತ್ತೇನೆ. ಇನ್ನು ಇಂಟರ್‌ಫೇಸ್ ಬಗ್ಗೆ ಹೇಳಿ. ಎಲ್ಲರೂ ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಎನ್ನುತ್ತಾರೆ.

ಐವತ್ತು ಹರ್ಟ್ಸ್, ಕುಮಟಾ

ಅದು ಒಳ್ಳೆಯ ಸಾಧನವೇ, ಆದರೆ ಅದಕ್ಕೆ ಮೈಕ್ ಹಾಕುವ ಕಂಡಿ ಎರಡೇ. ಒಬ್ಬ ಗಾಯಕ, ಒಂದು ಗಿಟಾರ್ ಎನ್ನುವವರಿಗೆ ಅದು ಸಾಕು. ಹಿಮ್ಮೇಳಕ್ಕೆ ಕಡಿಮೆಯೆಂದರೂ ನಾಲ್ಕು ಬೇಕು. ಬೆಹ್ರಿಂಗರ್ ಯುಎಂಸಿ404ಎಚ್‌ಡಿಗೆ ನಾಲ್ಕಿವೆ, ಯುಎಂಸಿ1820ಕ್ಕೆ ಎಂಟಿವೆ. ನಾನಾದರೆ ಎಂಟರದ್ದನ್ನೇ ಕೊಳ್ಳುತ್ತೇನೆ. ಇಂದು ನಾಲ್ಕು ಸಾಕೆನಿಸಿದರೂ ನಾಳೆ ಮದ್ದಳೆಯ ಎರಡೂ ಮುಖಕ್ಕೆ ಬೇರೆಬೇರೆ ಮೈಕ್ ಬೇಕೆನಿಸುತ್ತದೆ, ತಾಳಮದ್ದಳೆಯಲ್ಲಿ ಮಾತಾಡುವ ನಾಲ್ವರು ಅರ್ಥಧಾರಿಗಳು ಸಾಲಾಗಿ ಕೂರುತ್ತಾರೆ.

ಮದ್ದಳೆ ಮನೆ, ಹೊನ್ನಾವರ

ಎಂಟು ಕಂಡಿ ಕೊಂಡು ಮೈಕ್‌ಗೆ ದುಡ್ಡು ಸಾಲದೆ ನಾಲ್ಕು ಖಾಲಿ ಬಿಡುವುದಕ್ಕಿಂತ, ನಾಲ್ಕು ಕಂಡಿಗೆ ನಾಲ್ಕು ಒಳ್ಳೆಯ ಮೈಕ್ ಇರುವುದು ಲೇಸು ಎಂಬುದು ನನ್ನ ವಾದ.

ಐವತ್ತು ಹರ್ಟ್ಸ್, ಕುಮಟಾ

ಮೈಕ್‌ಗಳನ್ನು ಬಾಡಿಗೆಗೂ ತರಬಹುದು. ಪೆಂಡಾಲಿನ ಸೌಂಡ್ ಸಿಸ್ಟಮ್ ಇಟ್ಟುಕೊಂಡವರ ಬಳಿ ಶೂರ್ ಎಸ್‌ಎಂ58, ಎಸ್‌ಎಂ57 ಸಾಮಾನ್ಯವಾಗಿ ಇದ್ದೇ ಇರುತ್ತವೆ. ಆದರೆ ನಕಲಿ ಎಸ್‌ಎಂ58ಗಳೂ ಎಲ್ಲೆಡೆ ಓಡಾಡುತ್ತಿವೆ, ಅಸಲಿಯೊಂದಿಗೆ ಪಕ್ಕಪಕ್ಕದಲ್ಲಿ ಇಟ್ಟು ಕೇಳದೆ ಹಣ ಕೊಡಬೇಡಿ.

ಊರು ಬಿಟ್ಟವಳು, ಅಂಕೋಲಾ (ಈಗ ಬೆಂಗಳೂರು)

ಯಾವ ಮೈಕ್ ಎಂಬುದಕ್ಕಿಂತ ಅದರ ಬೆನ್ನು ಎತ್ತ ಇದೆ ಎಂಬುದು ಇಲ್ಲಿ ಮುಖ್ಯ. ಎಸ್‌ಎಂ58 ಕಾರ್ಡಿಯಾಯ್ಡ್ ಜಾತಿಯದು, ನೇರ ಹಿಂಬದಿಯಿಂದ ಬಂದ ಸದ್ದನ್ನು ಅದು ಅತಿ ಕಡಿಮೆ ಹಿಡಿಯುತ್ತದೆ. ಬೀಟಾ 58ಎ ಸೂಪರ್ ಕಾರ್ಡಿಯಾಯ್ಡ್, ಅದರ ಕಿವುಡು ನೇರ ಹಿಂದಲ್ಲ, ಎರಡೂ ಬದಿಗೆ ಸುಮಾರು 126 ಡಿಗ್ರಿಯಲ್ಲಿ. ಭಾಗವತರ ಮೈಕಿನ ಈ ಕಿವುಡು ದಿಕ್ಕಿಗೆ ಚಂಡೆಯವರನ್ನು ಕೂರಿಸಿದರೆ ಅರ್ಧ ಮಿಕ್ಸ್ ಅಲ್ಲೇ ಮುಗಿಯಿತು. ರಂಗದ ಮೇಲೆ ಕೂರುವ ಕ್ರಮದಲ್ಲೇ ಇಲ್ಲಿಯೂ ಕೂರುತ್ತೇವೆ ಎಂದು ಹಿರಿಯರು ಹಟ ಹಿಡಿಯಬಹುದು. ಒಂದು ಪದ್ಯವನ್ನು ಎರಡೂ ರೀತಿಯಲ್ಲಿ ಮುದ್ರಿಸಿ ಕೇಳಿಸಿ, ಒಪ್ಪುತ್ತಾರೆ.

ಎರಡು ಮೈಕ್‌ಗಳ ನಡುವಿನ ಅಂತರ, ಪ್ರತಿ ಮೈಕಿಗೂ ಅದರ ವಾದ್ಯಕ್ಕೂ ಇರುವ ಅಂತರದ ಮೂರರಷ್ಟಾದರೂ ಇರಲಿ. ಭಾಗವತರಿಂದ ಮೂರು ಮೀಟರ್ ದೂರ ಕುಳಿತ ಚಂಡೆಯ ಸದ್ದು ಅವರ ಮೈಕಿಗೆ ಸುಮಾರು 9 ಮಿಲಿಸೆಕೆಂಡು ತಡವಾಗಿ ಮುಟ್ಟುತ್ತದೆ. ಆ ತಡವಾದ ಚಂಡೆ ಜೋರಾಗಿದ್ದರೆ, ಅದರದ್ದೇ ಮೈಕಿನ ಚಂಡೆಯೊಂದಿಗೆ ಬೆರೆತಾಗ ಪೆಟ್ಟು ಕೊಳವೆಯೊಳಗಿಂದ ಬಂದಂತೆ ಟೊಳ್ಳಾಗುತ್ತದೆ. ನಮ್ಮ ಬಡಗುತಿಟ್ಟಿನಲ್ಲಿ (ಯಕ್ಷಗಾನದ ಉತ್ತರದ ಶೈಲಿ) ತಾಳ ಭಾಗವತರ ಕೈಯಲ್ಲೇ ಇರುವುದರಿಂದ ಅದಕ್ಕೆ ಬೇರೆ ಮೈಕಿನ ಮಾತೇ ಇಲ್ಲ. ಅದು ಹಾಡಿನೊಂದಿಗೇ ಬರಲಿ, ಆದರೆ ಮೈಕನ್ನು ಬಾಯಿಯ ಎತ್ತರಕ್ಕಿಂತ ತುಸು ಮೇಲಿಟ್ಟು ಕೆಳಮುಖವಾಗಿ ತಿರುಗಿಸಬೇಡಿ. ಹಾಗೆ ಇಟ್ಟರೆ ಅದು ನೇರವಾಗಿ ತಾಳವನ್ನೇ ನೋಡುತ್ತಿರುತ್ತದೆ.

ಹಳೇ ಕ್ಯಾಸೆಟ್, ಸಿದ್ದಾಪುರ

32 ಬಿಟ್ ಫ್ಲೋಟ್ (ಅತಿ ಮೆಲ್ಲನೆಯ, ಅತಿ ಜೋರಿನ ಸದ್ದನ್ನೂ ಹಿಡಿಯುವ ಅಂಕಿ ಕ್ರಮ) ಮುದ್ರಣ ಯಂತ್ರಗಳು ಬಂದ ಮೇಲೆ ಮಟ್ಟ ಹೊಂದಿಸುವ ಗೋಜೇ ಇಲ್ಲವಂತೆ. ಝೂಮ್ ಎಫ್3 ತೆಗೆದುಕೊಂಡರೆ ಚಂಡೆ ಎಷ್ಟು ಜೋರಾದರೂ ಸದ್ದು ಒಡೆಯುವುದಿಲ್ಲ ಎನ್ನುತ್ತಾರೆ.

ಊರು ಬಿಟ್ಟವಳು, ಅಂಕೋಲಾ (ಈಗ ಬೆಂಗಳೂರು)

ಯಂತ್ರದೊಳಗೆ ಒಡೆಯುವುದಿಲ್ಲ, ನಿಜ. ಮೈಕಿನಲ್ಲೇ ಸದ್ದು ಒಡೆದರೆ ಯಾವ ಬಿಟ್ ಕೂಡ ಕಾಯುವುದಿಲ್ಲ. ಮೇಲಾಗಿ ಎಫ್3ಗೂ ಎರಡೇ ಕಂಡಿ. ಬಯಲಾಟವನ್ನು ದೂರದಿಂದ ಒಂದು ಜೋಡಿ ಮೈಕಿನಲ್ಲಿ ಹಿಡಿಯುವವರಿಗೆ ಅದು ಹೇಳಿಮಾಡಿಸಿದ್ದು. ಕೋಣೆಯೊಳಗಿನ ಕೆಲಸಕ್ಕೆ 24 ಬಿಟ್ ಧಾರಾಳವಾಯಿತು. ಚಂಡೆಯ ಅತಿ ಜೋರಿನ ಪೆಟ್ಟು ಮೀಟರಿನಲ್ಲಿ ಮೈನಸ್ 12 ಡಿಬಿ ದಾಟದಂತೆ ಇಟ್ಟುಕೊಳ್ಳಿ. ಅಭ್ಯಾಸದಲ್ಲಿ ಮೆಲ್ಲಗೆ ನುಡಿಸಿ ಮಟ್ಟ ಹೊಂದಿಸಿಕೊಟ್ಟವರು, ಯುದ್ಧದ ಪದ್ಯ ಬಂದಾಗ ಎಲ್ಲಿಗೆ ಹೋಗುತ್ತಾರೆಂದು ಹೇಳಲಾಗದು.

ಮದ್ದಳೆ ಮನೆ, ಹೊನ್ನಾವರ

ಆ ಮಾತನ್ನು ನಮ್ಮ ಚಂಡೆಯವರಿಗೆ ಓದಿ ಹೇಳಿದೆ. ನಕ್ಕರು, ಆದರೆ ಅಲ್ಲಗಳೆಯಲಿಲ್ಲ.

ಐವತ್ತು ಹರ್ಟ್ಸ್, ಕುಮಟಾ

ನನ್ನ ಹೆಸರಿಗೆ ತಕ್ಕ ಮಾತೊಂದನ್ನು ಹೇಳಿಬಿಡುತ್ತೇನೆ. ಕರೆಂಟಿನ ಗುಂಯ್ ಸದ್ದು 50 ಹರ್ಟ್ಸ್‌ನಲ್ಲೂ ಅದರ ಗುಣಿತಗಳಲ್ಲೂ ಕೂರುತ್ತದೆ, ಮದ್ದಳೆಯ ಜಾಗವೂ ಅದರ ಆಸುಪಾಸಿನಲ್ಲೇ ಇರುವುದರಿಂದ ಆಮೇಲೆ ಕತ್ತರಿಸಲು ಹೋದರೆ ಮದ್ದಳೆಗೂ ಏಟು ಬೀಳುತ್ತದೆ. ಹಿಂದೊಮ್ಮೆ ಒಂದು ಸಭಾಭವನದಲ್ಲಿ ಮೂರು ತಾಸಿನ ತಾಳಮದ್ದಳೆಯನ್ನು ಮುದ್ರಿಸಿ ಮನೆಗೆ ತಂದು ಕೇಳಿದರೆ, ವೇದಿಕೆಯ ದೀಪದ ಡಿಮ್ಮರ್ ಇದ್ದ ಸಾಲಿಗೇ ನಮ್ಮ ಯಂತ್ರವನ್ನೂ ಸಿಕ್ಕಿಸಿದ್ದರಿಂದ ಮೊದಲಿನಿಂದ ಕೊನೆಯವರೆಗೆ ಜೇನುಗೂಡಿನ ಸದ್ದು. ಅರ್ಥಧಾರಿಗಳಲ್ಲಿ ಒಬ್ಬರು ಈಗಿಲ್ಲ. ಆ ಮುದ್ರಿಕೆಯನ್ನು ಅಳಿಸಲು ಇವತ್ತಿಗೂ ನನಗೆ ಮನಸ್ಸು ಬಂದಿಲ್ಲ, ಯಾರಿಗೂ ಕೇಳಿಸಲು ಧೈರ್ಯವೂ ಇಲ್ಲ.

ಮುದ್ರಿಸುವಾಗ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ, ಗುಂಯ್ ನಿಂತರೆ ಕಳ್ಳ ಸಿಕ್ಕಂತೆ. ಎಲ್ಲ ಸಾಧನಗಳಿಗೂ ಒಂದೇ ಬೋರ್ಡಿನಿಂದ ಕರೆಂಟ್ ಕೊಡಿ. ಸದ್ದು ನಿಲ್ಲುತ್ತದೆಂದು ಪ್ಲಗ್ಗಿನ ಅರ್ತ್ ಕಾಲನ್ನು ಮುರಿಯುವವರನ್ನು ಕಂಡಿದ್ದೇನೆ, ಅದು ಜೀವಕ್ಕೆ ಅಪಾಯ. ಅದರ ಬದಲು ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಪೆಟ್ಟಿಗೆಯನ್ನು (ವಾದ್ಯದ ತಂತಿಯನ್ನು ಮೈಕಿನ ಕಂಡಿಗೆ ಹೊಂದಿಸುವ ಡಬ್ಬಿ) ನಡುವೆ ಹಾಕಿ. ಅಗ್ಗದ ಇನ್ವರ್ಟರಿನ ಚೌಕ ಅಲೆಯ ಕರೆಂಟಿನಲ್ಲಿ ಮುದ್ರಣ ಮಾಡಲೇಬೇಡಿ, ಲೈನ್ ಬರುವವರೆಗೆ ಒಂದು ಲೋಟ ಕಷಾಯ ಕುಡಿದು ಕಾಯುವುದು ಒಳ್ಳೆಯದು.

ಕಾಳಿ ತೀರ, ಕಾರವಾರ

ಇಷ್ಟೆಲ್ಲ ಆಯಿತು, ಮಾಸ್ಟರಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಅನುಭವದಲ್ಲಿ ಜನ ಕೇಳುವುದು ಫೋನಿನಲ್ಲಿ. ಲಿಮಿಟರ್ (ಸದ್ದು ಒಂದು ಮಿತಿ ದಾಟದಂತೆ ಒತ್ತುವ ಸಲಕರಣೆ) ಹಾಕಿ ಮೈನಸ್ 9 ಎಲ್‌ಯುಎಫ್‌ಎಸ್ (ಕೇಳುವ ಜೋರಿನ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು) ತನಕ ತಳ್ಳಿಬಿಡಿ, ಬೇರೆಯವರ ಹಾಡಿನ ಪಕ್ಕದಲ್ಲಿ ನಿಮ್ಮದು ಸಣ್ಣಗೆ ಕೇಳಬಾರದು.

ಊರು ಬಿಟ್ಟವಳು, ಅಂಕೋಲಾ (ಈಗ ಬೆಂಗಳೂರು)

ಅಣ್ಣ, ಇಲ್ಲಿ ಮಾತ್ರ ನಿಮ್ಮೊಂದಿಗೆ ಜಗಳವಾಡಲೇಬೇಕು.

ಕಿವಿಗೆ ಕೇಳುವ ಜೋರನ್ನು ಅಳೆಯಲು ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) 2006ರಲ್ಲಿ ಬಿಎಸ್ 1770 ಎಂಬ ಮಾನಕವನ್ನು ತಂದಿತು, ಎಲ್‌ಯುಎಫ್‌ಎಸ್ ಲೆಕ್ಕ ನಿಂತಿರುವುದು ಅದರ ಮೇಲೆ. ಸ್ಪಾಟಿಫೈ ತನ್ನ ಸಾಮಾನ್ಯ ಹೊಂದಿಕೆಯಲ್ಲಿ ಎಲ್ಲ ಹಾಡುಗಳನ್ನೂ ಮೈನಸ್ 14ರ ಹತ್ತಿರ ತಂದು ನುಡಿಸುತ್ತದೆ. ನೀವು ಮೈನಸ್ 9ಕ್ಕೆ ತಳ್ಳಿದ ಹಾಡನ್ನು ಅದು 5 ಡಿಬಿ ಇಳಿಸುತ್ತದೆ, ಅಷ್ಟೇ. ಯೂಟ್ಯೂಬ್ ಕೂಡ ಜೋರಾದದ್ದನ್ನು ಇಳಿಸುತ್ತದೆ. ಗಳಿಸಿದ ಜೋರು ಹೋಯಿತು, ಅದಕ್ಕಾಗಿ ಚಂಡೆಯ ನೆತ್ತಿ ಕತ್ತರಿಸಿದ್ದು ಮಾತ್ರ ಉಳಿಯಿತು.

ಸಿನಿಮಾ ಹಾಡಿನಲ್ಲಿ ಲಿಮಿಟರ್ ಮಾಡುವ ಹಾನಿ ಅಷ್ಟಾಗಿ ಕಾಣಿಸುವುದಿಲ್ಲ, ಏಕೆಂದರೆ ಅಲ್ಲಿ ಎಲ್ಲವೂ ಮೊದಲೇ ಒತ್ತಿ ಸಮ ಮಾಡಿದ ಸದ್ದು. ಹಿಮ್ಮೇಳದಲ್ಲಿ ಚಂಡೆಯ ಪೆಟ್ಟಿಗೂ ಭಾಗವತರ ಆಲಾಪಕ್ಕೂ ಇರುವ ವ್ಯತ್ಯಾಸ ಬಹಳ ದೊಡ್ಡದು. ಎಲ್ಲ ಕೂಡಿದ ಮೇಲೆ ಒಂದೇ ಲಿಮಿಟರನ್ನು ಬಿಗಿದರೆ, ಪ್ರತಿ ಪೆಟ್ಟಿಗೂ ಅದು ಚಂಡೆಯ ಜೊತೆಗೆ ಭಾಗವತರ ದನಿಯನ್ನೂ ಒತ್ತಿ ಕೆಳಗಿಳಿಸುತ್ತದೆ, ಪೆಟ್ಟು ಮುಗಿದೊಡನೆ ಬಿಡುತ್ತದೆ. ಭಾಗವತರು ನೀರಿನಲ್ಲಿ ಮುಳುಗಿ ಏಳುತ್ತ ಹಾಡಿದಂತೆ ಕೇಳುತ್ತದೆ. ತೋಟದಂಚಿನವರು ಮೊಬೈಲಿನಲ್ಲಿ ಕೇಳಿ ಬೇಸತ್ತದ್ದೂ ಬಹುಮಟ್ಟಿಗೆ ಇದನ್ನೇ, ಫೋನಿನೊಳಗಿನ ತಾನಾಗಿಯೇ ಮಟ್ಟ ಹೊಂದಿಸುವ ವ್ಯವಸ್ಥೆಯೂ ಹೀಗೆಯೇ ಮಾಡುತ್ತದೆ. ನಲವತ್ತು ಸಾವಿರ ಕೊಟ್ಟು ಅದೇ ಕಾಯಿಲೆಯನ್ನು ಮತ್ತೆ ಕೊಳ್ಳುವುದೇಕೆ?

ಚಂಡೆಯ ಟ್ರ್ಯಾಕ್ ಒಂದಕ್ಕೇ ಮೃದುವಾಗಿ ಕಂಪ್ರೆಸರ್ (ಜೋರಾದದ್ದನ್ನು ತುಸು ಇಳಿಸುವ ಸಲಕರಣೆ) ಹಾಕಿ, ಭಾಗವತರ ಸಾಲುಗಳನ್ನು ಕೈಯಿಂದಲೇ ಏರಿಸಿ ಇಳಿಸಿ. ಕೊನೆಯಲ್ಲಿ ಲಿಮಿಟರ್ ಇರಲಿ, ಆದರೆ ಒಂದೆರಡು ಡಿಬಿಗಿಂತ ಹೆಚ್ಚು ಅದು ಕೆಲಸ ಮಾಡದಿರಲಿ. ಟ್ರೂ ಪೀಕ್ (ಸದ್ದಿನ ಅಲೆಯ ನಿಜವಾದ ತುತ್ತತುದಿ) ಮೈನಸ್ 1 ಡಿಬಿ ದಾಟದಂತೆ ನೋಡಿಕೊಳ್ಳಿ. ಒಟ್ಟು ಜೋರು ಮೈನಸ್ 17 ಬಂದರೂ ನಾನು ಹಾಗೆಯೇ ಬಿಡುತ್ತೇನೆ. ಇದಕ್ಕೆ ಬೇಕಾದ ಇಕ್ಯೂ (ತಗ್ಗು, ಮೇಲುಸ್ತರಗಳನ್ನು ಹೊಂದಿಸುವ ಸಲಕರಣೆ), ಕಂಪ್ರೆಸರ್‌ಗಳು ರೀಪರ್ ಜೊತೆಗೇ ಬರುತ್ತವೆ, ಜೋರನ್ನು ಅಳೆಯಲು ಯೂಲಿಯನ್ ಮೀಟರಿನ ಉಚಿತ ಆವೃತ್ತಿ ಸಾಕು.

ಕಾಳಿ ತೀರ, ಕಾರವಾರ

ಒಪ್ಪಿದೆ ಎಂದು ಪೂರ್ತಿ ಹೇಳಲಾರೆ. ಮೈನಸ್ 17ರ ಹಾಡನ್ನು ಯೂಟ್ಯೂಬ್ ತಾನಾಗಿ ಏರಿಸುವುದಿಲ್ಲ. ಬಸ್ಸಿನಲ್ಲಿ ಕುಳಿತು ಫೋನಿನ ಸ್ಪೀಕರಿನಲ್ಲಿ ಕೇಳುವ ನಮ್ಮ ಅಜ್ಜನಿಗೆ ಆಲಾಪವೇ ಕೇಳುವುದಿಲ್ಲ, ಅವರು ಚಂಡೆ ಬಂದ ಮೇಲೆಯೇ ಪದ್ಯ ಶುರುವಾಯಿತು ಎಂದುಕೊಳ್ಳುತ್ತಾರೆ. ಅವರಿಗೂ ನಾವು ಉತ್ತರ ಹೇಳಬೇಕಲ್ಲ.

ಊರು ಬಿಟ್ಟವಳು, ಅಂಕೋಲಾ (ಈಗ ಬೆಂಗಳೂರು)

ಅಜ್ಜನ ಪ್ರಶ್ನೆ ನ್ಯಾಯವಾದದ್ದು. ಅವರಿಗಾಗಿ ಆಲಾಪವನ್ನು ಮಿಕ್ಸಿನಲ್ಲೇ ಮೂರು ಡಿಬಿ ಮೇಲೆತ್ತಿ, ಲಿಮಿಟರಿಗೆ ಬಿಡಬೇಡಿ. ಮೈನಸ್ 15ರ ತನಕ ಬಂದರೆ ನಾನು ಜಗಳ ಆಡುವುದಿಲ್ಲ.

ಮದ್ದಳೆ ಮನೆ, ಹೊನ್ನಾವರ

ಈ ಲೆಕ್ಕದ ಮೀಟರ್ ಇಲ್ಲದ ಕಾಲದಲ್ಲೂ ಮೇಳದ ಆಟದಲ್ಲಿ ಭಾಗವತರ ಪದ್ಯ ಕೊನೆಯ ಸಾಲಿನವರೆಗೆ ಕೇಳುತ್ತಿತ್ತು. ಚಂಡೆಯವರು ಪದ್ಯದ ಸಾಲಿಗೆ ಜಾಗ ಬಿಟ್ಟು, ಮುಕ್ತಾಯದಲ್ಲಿ ಕೈ ಬಿಚ್ಚುತ್ತಿದ್ದರು. ಮುದ್ರಣಕ್ಕೆ ಮೊದಲು ನಿಮ್ಮ ಚಂಡೆಯವರೊಂದಿಗೆ ಅರ್ಧ ದಿನ ಕುಳಿತು ಮಾತಾಡಿ.

ತೋಟದಂಚಿನವ, ಶಿರಸಿ

ಮಾನಿಟರ್ ಸ್ಪೀಕರ್ ಬೇಡವೇ ಹಾಗಾದರೆ?

ಊರು ಬಿಟ್ಟವಳು, ಅಂಕೋಲಾ (ಈಗ ಬೆಂಗಳೂರು)

ಕೋಣೆ ಸರಿಯಾಗುವವರೆಗೆ ಬೇಡ. ಯಮಹಾ ಎಚ್‌ಎಸ್5 ಒಳ್ಳೆಯದೇ, ಆದರೆ ನಿಮ್ಮ ಆ ಕೋಣೆಯಲ್ಲಿ ಅದು ಸುಳ್ಳು ಹೇಳುತ್ತದೆ. ಮುದ್ರಿಸುವಾಗ ಕಿವಿ ಮುಚ್ಚುವ ಹೆಡ್‌ಫೋನ್ ಬೇಕು, ಸೋನಿ ಎಂಡಿಆರ್-7506 ಸಾಕು. ಮಿಕ್ಸ್ ಮಾಡಲು ಸಾಧ್ಯವಾದರೆ ಸೆನ್‌ಹೈಸರ್ ಎಚ್‌ಡಿ 600ರಂಥ ಬೆನ್ನು ತೆರೆದದ್ದು. ಅದನ್ನು ಮುದ್ರಿಸುವಾಗ ಹಾಕಿಕೊಂಡರೆ ಸದ್ದು ಹೊರಗೆ ಸೋರಿ ಮೈಕಿಗೆ ಹೋಗುತ್ತದೆ, ನೆನಪಿರಲಿ. ಮಿಕ್ಸ್ ಮುಗಿದ ಮೇಲೆ ಕಾರಿನಲ್ಲಿ, ಅಡುಗೆಮನೆಯ ಬ್ಲೂಟೂತ್ ಡಬ್ಬಿಯಲ್ಲಿ, ಕಾಳಿ ತೀರದವರ ಅಜ್ಜನ ಫೋನಿನಲ್ಲಿ ಕೇಳಿ.

ಹಳೇ ಕ್ಯಾಸೆಟ್, ಸಿದ್ದಾಪುರ

ಇಂಟರ್‌ಫೇಸ್ ಬಂದ ಮೇಲೆ ಮನೆಯ ಹಳೆಯ ಕ್ಯಾಸೆಟ್‌ಗಳನ್ನೂ ಇಳಿಸಿಡಿ. ನಮ್ಮ ಹವೆಯಲ್ಲಿ ಟೇಪಿಗೆ ಬೂಷ್ಟು ಹಿಡಿಯುತ್ತದೆ. ನುಡಿಸುವ ಮೊದಲು ಡೆಕ್ಕಿನ ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ, ಹೆಡ್ಡಿನ ಪಕ್ಕದ ಅಜಿಮತ್ (ಟೇಪಿಗೆ ಹೆಡ್ಡಿನ ಓರೆ ಹೊಂದಿಸುವ) ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ, ತಾಳದ ಸದ್ದು ಅತಿ ಸ್ಪಷ್ಟವಾಗುವಲ್ಲಿ ನಿಲ್ಲಿಸಿ. ಪ್ರತಿ ಕ್ಯಾಸೆಟ್ಟಿಗೂ ಇದನ್ನು ಹೊಸದಾಗಿ ಮಾಡಬೇಕು. ಮೂಲ ಪ್ರತಿಯನ್ನು 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಏನೂ ಸಂಸ್ಕರಿಸದೆ ಇಡಿ. ಮೊದಮೊದಲು ನಾನು ಗೊರಗೊರ ಸದ್ದು ತೆಗೆದು ಆ ಪ್ರತಿಯನ್ನೇ ಇಟ್ಟುಕೊಂಡು ಮೂಲವನ್ನು ಅಳಿಸಿದೆ. ಈಗ ಕೇಳಿದರೆ ಅರ್ಥಧಾರಿಗಳ ಉಸಿರೂ ಅದರೊಂದಿಗೆ ಹೋಗಿದೆ.

ಅರಬೈಲ್ ತಿರುವು, ಯಲ್ಲಾಪುರ

ಬೂಷ್ಟು ಮೈಕಿಗೂ ಹಿಡಿಯುತ್ತದೆ. ಕಂಡೆನ್ಸರ್ ಮೈಕ್ (ಒಳಗೆ ಸೂಕ್ಷ್ಮ ಪೊರೆಯಿರುವ, ಕರೆಂಟ್ ಬೇಡುವ ಜಾತಿಯದು) ಇದ್ದರೆ ಗಾಳಿಯಾಡದ ಡಬ್ಬಿಯಲ್ಲಿ, ಬಣ್ಣ ಬದಲಿಸುವ ಸಿಲಿಕಾ ಹರಳಿನೊಂದಿಗೆ ಇಡಿ. ತೇವ ಕುಡಿದ ಮೈಕ್ ಕಡಲೆ ಹುರಿದಂತೆ ಚಟಪಟ ಎನ್ನುತ್ತದೆ.

ತೋಟದಂಚಿನವ, ಶಿರಸಿ

ಎಲ್ಲರಿಗೂ ಧನ್ಯವಾದಗಳು. ಪ್ಲಗಿನ್ ಕಟ್ಟು ಕೊಳ್ಳುವುದಿಲ್ಲ, ಸ್ಪೀಕರ್ ಈ ವರ್ಷ ಇಲ್ಲ. ಎಂಟು ಕಂಡಿಯ ಇಂಟರ್‌ಫೇಸ್, ಎರಡು ಎಸ್‌ಎಂ57, ಒಂದು ಬೀಟಾ 58ಎ, ಸೋನಿ ಹೆಡ್‌ಫೋನ್, ರೀಪರ್ ಎಂದು ಪಟ್ಟಿ ಮಾಡಿದ್ದೇನೆ. ಉಳಿದ ಹಣದಲ್ಲಿ ರಾಕ್‌ವೂಲ್. ದೊಡ್ಡಪ್ಪ ಮೆತ್ತು ಬಿಟ್ಟುಕೊಡಲು ಒಪ್ಪಿದ್ದಾರೆ, ಆದರೆ ಅಡಿಕೆ ಚೀಲಗಳನ್ನು ಜಾಗ ಬದಲಿಸಬಾರದಂತೆ.

ನಿನ್ನೆ ಬಾಡಿಗೆಯ ಎರಡು ಮೈಕ್ ತಂದು, ಚಂಡೆಯವರನ್ನು ಭಾಗವತರ ಮೈಕಿನ ಹಿಂಬದಿಗೆ ಕೂರಿಸಿ, ಒಂದು ಪದ್ಯ ಮುದ್ರಿಸಿದೆವು. ಇಂಟರ್‌ಫೇಸ್ ಅನ್ನು ಪಕ್ಕದೂರಿನ ಹುಡುಗನಿಂದ ಎರವಲು ತಂದಿದ್ದೆ. ಪದ್ಯದ ಪ್ರತಿ ಅಕ್ಷರ ಕೇಳುತ್ತಿದೆ! ಆದರೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯ ತಂತಿಯನ್ನು ನೇರವಾಗಿ ಸಿಕ್ಕಿಸಿದಾಗ ಸಣ್ಣದೊಂದು ಗುಂಯ್ ಬರುತ್ತದೆ, ಹಾರ್ಮೋನಿಯಂನಲ್ಲಿ ಬರುವುದಿಲ್ಲ.

ಐವತ್ತು ಹರ್ಟ್ಸ್, ಕುಮಟಾ

ಶ್ರುತಿಪೆಟ್ಟಿಗೆಯ ಅಡಾಪ್ಟರ್ ಕಿತ್ತು ಸೆಲ್ ಹಾಕಿ ನೋಡಿ. ಆಗಲೂ ಬಂದರೆ ಡಿಐ ಪೆಟ್ಟಿಗೆ ನನ್ನ ಬಳಿ ಒಂದಿದೆ. ಶನಿವಾರ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬರುವುದಿದೆ, ತರುತ್ತೇನೆ.